ಶಾಪದ ಮೇಲೊಂದು ಕೊಳಲು

ಟಿವಿ ಚಾನೆಲ್ಲೊಂದರ ಕಚೇರಿಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಎದುರಿನ ಸೋಫಾದಲ್ಲಿ ಇಬ್ಬರು ಆದಿವಾಸಿ ಹೆಂಗಸರು. ತೊಡೆಯ ಮೇಲೆ ಕ್ಯಾಮೆರಾ ಚೀಲ ಇಟ್ಟುಕೊಂಡವಳು ಸಾಕ್ಷ್ಯಚಿತ್ರ ಮಾಡುವವಳು, ಪಕ್ಕದಲ್ಲಿದ್ದವಳು ಅವಳ ಸೋದರತ್ತೆ.

“ಮೆಲ್ಲಗೆ ಮಾತಾಡು ಅತ್ತೆ.”

“ಯಾಕೆ ಮೆಲ್ಲಗೆ? ಇವರಿಗೆ ಕೇಳ್ಲಿ ಅಂತಾನೇ ನಮ್ಮ ಭಾಷೆ ಬಿಟ್ಟು ಇವರ ಭಾಷೇಲಿ ಕೂಗ್ತಿರೋದು. ನಿನ್ನೆ ಟಿವೀಲಿ ನಮ್ಮವ್ವನ ದನಿ ಎಲ್ಲೇ ಹೋಯ್ತು?”

“ಅದರ ಮೇಲೆ ಇವರ ದನಿ ಹಾಕಿದಾರೆ. ನನ್ನನ್ನ ಒಂದು ಮಾತೂ ಕೇಳ್ಲಿಲ್ಲ.”

“ನೀನಾದ್ರೆ ಯಾವ ಚಿತ್ರ ಮುಗಿಸಿದ್ರೂ ಮೊದಲು ನಮ್ಮ ಮನೆ ಗೋಡೆ ಮೇಲೆ ತೋರಿಸ್ತೀಯ. ಅವ್ವ ನೋಡಿ, ‘ಒಂದು ಬೈಗುಳಾನೂ ತೆಗೀಬೇಡ’ ಅಂದಿದ್ಲು.”

“ತೆಗೀಲಿಲ್ಲ ಅತ್ತೆ. ಹಾಗೇ ಕೊಟ್ಟಿದ್ದೆ.”

“ಕಾಡಿಗೆ ಬೇಲಿ ಹಾಕಿ ನಮ್ಮನ್ನ ಹೊರಗಟ್ಟಿದವರಿಗೆ ಅವ್ವ ‘ನಿಮ್ಮ ಮನೆ ಹಾಳಾಗ’ ಅಂತ ಶಾಪ ಹಾಕ್ತಿದ್ರೆ, ಇವನ್ಯಾವನೋ ಕೊಳಲು ಊದಿಸಿ, ‘ಅಜ್ಜಿ ಕಾಡನ್ನ ಹರಸ್ತಿದಾರೆ’ ಅಂತಾನಲ್ಲ!”

“ನೋಡೋರಿಗೆ ಬೇಜಾರಾಗಬಾರದಂತೆ. ಸಂಪಾದಕರು ಅಂದ್ರು.”

“ಓಹೋ! ಕೊನೇಲಿ ನಿನ್ನ ಹೆಸರು ಬೇರೆ ಹಾಕಿದಾರೆ. ಊರೋರು ನಿನ್ನ ಮುಖಕ್ಕೆ ಉಗೀತಾರೆ.”

“ಉಗಿದಾಯ್ತು. ಅಜ್ಜಿ ನನ್ನ ಹತ್ರ ಮಾತೇ ಬಿಟ್ಟಿದಾಳೆ.”

ಅಷ್ಟರಲ್ಲಿ ಒಳಗಿನಿಂದ ಸಂಪಾದಕರ ಕರೆ ಬಂತು. ಅತ್ತೆ ತೋಳೇರಿಸಿಕೊಂಡು ಎದ್ದಳು.

“ಕ್ಯಾಮೆರಾ ಹೊರಗೆ ತೆಗಿ.”

“ಯಾಕತ್ತೆ?”

“ಅವ್ವ ಹರಸಿದ್ದನ್ನ ಒಂದಕ್ಷರ ಬಿಡದೆ ಇವನಿಗೂ ಹರಸ್ತೀನಿ, ಇವನ ಭಾಷೇಲೇ.” ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತಾ ಅಂದಳು: “ಅದಕ್ಕೂ ಕೊಳಲು ಊದಿಸ್ಲಿ, ನೋಡೇಬಿಡ್ತೀನಿ!”