ನಾನು ಕಾಣೆಯಾಗಿರಲಿಲ್ಲ, ಹಣ್ಣಿಗೆ ಹೋಗಿದ್ದೆ

ಹೊನ್ನಕ್ಕ, ಕೋಂ ಲೇಟ್ ಗಂಗಯ್ಯ, ಸುಮಾರು ಐವತ್ತೈದು ವರ್ಷ, ಕೂಲಿ ಕೆಲಸ, ವಾಸ ಕೆರೆಕೋಡಿ ಗ್ರಾಮ, ಶಾಂತಿಗ್ರಾಮ ಹೋಬಳಿ, ಹಾಸನ ತಾಲ್ಲೂಕು. ಈ ದಿನ ಮಧ್ಯಾಹ್ನ ಒಂದೂವರೆ ಗಂಟೆಗೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಾನು ಕಾಣೆಯಾಗಿರುವುದಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ನನ್ನ ಮಗ ಮಂಚಯ್ಯನು ತಾಯಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟಿರುತ್ತಾನೆ. ಅದರಲ್ಲಿ ನನಗೆ ಎಪ್ಪತ್ತು ವರ್ಷವೆಂದೂ ಕಣ್ಣು ಮಂಜೆಂದೂ ಬರೆಸಿದ್ದಾನೆ. ಎರಡೂ ಸುಳ್ಳು. ಕಾಗದ ಹೊಲಿಯಲು ದಫೇದಾರರು ಇಟ್ಟುಕೊಂಡಿದ್ದ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ ತೋರಿಸಿದ್ದೇನೆ.

ಹೋದ ಕಾರಣ ಹೇಳದೆ ಹೇಳಿಕೆ ಮುಗಿಯುವುದಿಲ್ಲವೆಂದು ದಫೇದಾರರು ತಿಳಿಸಿದ್ದರಿಂದ, ಮಗನನ್ನು ಬೀಡಿ ಸೇದಿಕೊಂಡು ಬಾ ಎಂದು ಹೊರಗೆ ಕಳಿಸಿ ಕಾರಣ ಹೇಳುತ್ತಿದ್ದೇನೆ. ನನ್ನ ಸೊಸೆ ಲಕ್ಷ್ಮಿದೇವಮ್ಮ ಬಸುರಿ. ನಾಲ್ಕು ತಿಂಗಳು ತುಂಬಿದೆ. ಇದು ಮಗನಿಗೆ ಗೊತ್ತಿಲ್ಲ. ಅವನು ಹಾಸನದ ಮರದ ಮಿಲ್ಲಿನಲ್ಲಿ ಕೆಲಸದಲ್ಲಿದ್ದು ಶನಿವಾರ ಮಾತ್ರ ಊರಿಗೆ ಬರುತ್ತಾನೆ. ಹಿಂದೆ ಎರಡು ಸಲ ಸುದ್ದಿ ಹೇಳಿದ ದಿನವೇ ಮಿಲ್ಲಿನವರಿಗೆಲ್ಲ ಬೆಲ್ಲ ಹಂಚಿದ್ದನು. ಎರಡು ಸಲವೂ ಮೂರನೇ ತಿಂಗಳಲ್ಲಿ ಹೋಯಿತು. ಆಗ ಅವನು ಹಿತ್ತಿಲಲ್ಲಿ ಒಬ್ಬನೇ ಕೂತು ಅತ್ತದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ಈ ಸಲ ಐದು ತುಂಬುವವರೆಗೆ ಅವನಿಗೆ ಹೇಳುವುದು ಬೇಡವೆಂದು ಅತ್ತೆ ಸೊಸೆ ಮಾತಾಡಿಕೊಂಡೆವು.

ಎಂಟು ದಿನದಿಂದ ಸೊಸೆಗೆ ಮುದ್ದೆ ಕಂಡರೆ ಓಕರಿಕೆ. ಏನು ಬೇಕು ಬಾಯಿ ಬಿಡು ಎಂದು ಗದರಿಸಿ ಕೇಳಿದ್ದಕ್ಕೆ ಜೀರಿಗೆ ಮಾವು ಬೇಕೆಂದಳು. ಸಿಪ್ಪೆ ಹಸಿರಾಗಿಯೇ ಇದ್ದು ಒಳಗೆ ಹಣ್ಣಾಗಿರುತ್ತದೆಂದೂ, ಮೂಸಿದರೆ ಜೀರಿಗೆಯ ವಾಸನೆ ಬರುತ್ತದೆಂದೂ, ತೌರಿನ ಅರಕಲಗೂಡು ಕಡೆ ಚಿಕ್ಕಂದಿನಲ್ಲಿ ಒಂದು ಸಲ ತಿಂದಿದ್ದಳೆಂದೂ ತಿಳಿಸಿದಳು.

ನಿನ್ನೆ ಮಂಗಳವಾರ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಟು ಏಳೂಕಾಲಿಗೆ ಹಾಸನದಲ್ಲಿ ಇಳಿದೆ. ಸಂತೆಯಲ್ಲಿ ಮಾವಿನ ಹಣ್ಣಿನವರು ಹನ್ನೆರಡು ಮಂದಿ ಸಾಲಾಗಿ ಕೂತಿದ್ದರು. ಒಂದೊಂದೇ ಹಣ್ಣಿನ ತೊಟ್ಟು ಮೂಸುತ್ತ ಹೋದೆ. ಏಳನೆಯವಳು ಮಾರಮ್ಮ ಎಂಬುವಳು, “ಏನವ್ವ, ತಗಳಕೆ ಬಂದ್ಯಾ, ಬರೀ ಮೂಸಕೆ ಬಂದ್ಯಾ?” ಎಂದು ರೇಗಿದಳು. ಸೊಸೆಯ ಬಯಕೆ ಎಂದೆ. ತಕ್ಷಣ ಅವಳ ದನಿಯೇ ಬೇರೆಯಾಯಿತು. ಎರಡು ರಸಪುರಿ ನನ್ನ ಮಡಿಲಿಗೆ ಹಾಕಿ, “ಬಯಕೆ ಅಣ್ಣಿಗೆ ಕಾಸು ಈಸ್ಕತಾರಾ? ಓಗು, ಹೊಳೆನರಸೀಪುರದ ಕಡೆ ಸಿಕ್ತದೆ” ಎಂದಳು.

ಹೊಳೆನರಸೀಪುರಕ್ಕೆ ಇಪ್ಪತ್ತು ಮೈಲಿ. ಹನ್ನೊಂದು ಗಂಟೆಗೆ ತಲುಪಿದೆ. ಅಲ್ಲಿಯೂ ಇದೇ ಕಥೆ. ಬಯಕೆ ಎಂದ ಕೂಡಲೇ ಒಬ್ಬರು ಒಂದು ಚಿಪ್ಪು ಏಲಕ್ಕಿ ಬಾಳೆ, ಇನ್ನೊಬ್ಬರು ಅರ್ಧ ಹಲಸು ಕೊಟ್ಟರು. ಬೇಡವೆಂದರೂ ಕೇಳಲಿಲ್ಲ. ಮಗನಿಗೆ ಹೇಳದ್ದನ್ನು ಬೀದಿಯಲ್ಲೆಲ್ಲ ಹೇಳಿದಿರಲ್ಲ ಎಂದು ದಫೇದಾರರು ಕೇಳಿದ್ದಕ್ಕೆ ನನ್ನ ಉತ್ತರವೇನೆಂದರೆ, ಕಂಡವರ ಕಣ್ಣು ತಾಕುವುದಿಲ್ಲ, ಮನೆಯವರ ಸಂತೋಷವೇ ತಾಕುವುದು.

ಅಲ್ಲಿನವರು ಹೇಳಿದಂತೆ ಹರದನಹಳ್ಳಿಯ ತಿಮ್ಮಪ್ಪನವರ ತೋಪಿಗೆ ಮೂರೂವರೆಗೆ ಹೋದೆ. ಅರವತ್ತೆರಡು ಮರ. ಜೀರಿಗೆ ಮಾವು ಒಂದೇ ಮರ, ಅದೂ ತೋಪಿನ ಆ ತುದಿಗೆ. ತಿಮ್ಮಪ್ಪನವರು ನೇರವಾಗಿ ಅಲ್ಲಿಗೆ ಕರೆದುಕೊಂಡು ಹೋಗಬಹುದಿತ್ತು. ಆದರೆ ಅವರಿಗೆ ತಮ್ಮ ಮರಗಳ ಮೇಲೆ ಹೆತ್ತ ಹೆಣ್ಣುಮಕ್ಕಳ ಮೇಲಿರುವಷ್ಟು ಮೋಹ. “ಇದ್ನೊಂಚೂರು ನೋಡು ಬಾರಮ್ಮ, ಇದು ಬರೀ ಜೇನು ಕಣಮ್ಮ” ಎನ್ನುತ್ತ ಹತ್ತೊಂಬತ್ತು ಮರದ ಹಣ್ಣು ತಿನ್ನಿಸಿದರು. ಬಯಕೆ ಸೊಸೆಗೆ, ತಿಂದವಳು ನಾನು. ಮೊಣಕೈವರೆಗೆ ರಸ ಸುರಿಯಿತು. ಗಂಡ ಸತ್ತ ಮೇಲೆ ಅಷ್ಟು ಸುಖವಾಗಿ ಒಂದು ಸಂಜೆ ಕಳೆದದ್ದು ನೆನಪಿಲ್ಲ. ಇದನ್ನೂ ಬರೆದುಕೊಳ್ಳಿ ಎಂದು ಹೇಳಿದ್ದೇನೆ.

ಇಪ್ಪತ್ತನೆಯದೇ ಜೀರಿಗೆ ಮಾವು. ಕೆಳಗೆ ನಿಂತಾಗಲೇ ಒಗ್ಗರಣೆ ಹಾಕಿದ ಮನೆಯ ವಾಸನೆ ಬಂತು. ಅಷ್ಟು ಹೊತ್ತಿಗೆ ತಿಮ್ಮಪ್ಪನವರ ಹೆಂಡತಿ ಅನಸೂಯಮ್ಮನವರು ದೀಪ ಹಚ್ಚಿಬಿಟ್ಟಿದ್ದರು. ದೀಪ ಹಚ್ಚಿದ ಮೇಲೆ ಮರ ಮುಟ್ಟುವಂತಿಲ್ಲ, ಮರ ಮಲಗಿರುತ್ತದೆ. ಅದರಲ್ಲೂ ಬಸುರಿಯ ಹಣ್ಣು. ಬಿದ್ದದ್ದನ್ನು ಆರಿಸಿಕೊಳ್ಳಲೇ ಎಂದರೆ, “ನೆಲ ಮುಟ್ಟಿದ್ದ ಅವಳಿಗೆ ಕೊಟ್ಟೀಯಾ?” ಎಂದು ಅನಸೂಯಮ್ಮನವರು ನನ್ನನ್ನೇ ಬೈದರು. ಎರಡು ಸಲ ಬಸುರು ಹೋದದ್ದು ನೆನಪಾಗಿ ನಾನೂ ಹಟ ಮಾಡಲಿಲ್ಲ. ಅವರ ಜಗಲಿಯಲ್ಲೇ ಮಲಗಿದೆ. ಅದೇ ಸಂಜೆ ಮಿಲ್ಲಿನ ಬೆಲ್ಟು ಹರಿದು ಕೆಲಸ ನಿಂತು ಮಗ ಊರಿಗೆ ಬಂದಿರುತ್ತಾನೆಂದು ನನಗೇನು ಗೊತ್ತು? ಅತ್ತೆ ಸಂತೆಗೆ ಹೋದರು ಎಂದಷ್ಟೇ ಸೊಸೆ ಹೇಳಿದ್ದಾಳೆ. ಗುಟ್ಟು ಉಳಿಸಿದ್ದಾಳೆ.

ಈ ದಿನ ಬೆಳಿಗ್ಗೆ ಆರೂಕಾಲಿಗೆ ಅರವತ್ತು ದಾಟಿದ ತಿಮ್ಮಪ್ಪನವರು ತಾವೇ ಮರ ಹತ್ತಿ ಹನ್ನೊಂದು ಹಣ್ಣು ಕಿತ್ತರು. ಒಂದೂ ನೆಲಕ್ಕೆ ಬೀಳದಂತೆ ನಾನು ಮತ್ತು ಅನಸೂಯಮ್ಮನವರು ಸೆರಗೊಡ್ಡಿ ಹಿಡಿದೆವು. ಒಂದೂಕಾಲಿಗೆ ಶಾಂತಿಗ್ರಾಮದಲ್ಲಿ ಬಸ್ಸು ಇಳಿಯುವಾಗ ಒಬ್ಬ ಪೊಲೀಸಿನವರು ಮುದುಕಿ ಸಿಕ್ಕಿದಳೆಂದು ಕೂಗಿ ಕರೆತಂದರು. ಮಗ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದನು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಬೈಯಬೇಕೆಂದಿದ್ದವಳು ಬೈಯಲಿಲ್ಲ.

ಮೇಲಿನದೆಲ್ಲವನ್ನೂ ದಫೇದಾರರು ಗಟ್ಟಿಯಾಗಿ ಓದಿ ಹೇಳಿದರು. ಹಾಗೆ ಓದಲೇಬೇಕೆಂಬುದು ಕಾಯಿದೆಯಂತೆ. ಸೊಸೆ ಬಸುರಿ ಎಂಬಲ್ಲಿಗೆ ಬಂದಾಗ ಮಗ ಕಿಟಕಿಯ ಹೊರಗೆ ನಿಂತಿದ್ದುದನ್ನು ಕಂಡೆ. ಒಳಗೆ ಬಂದು, “ಯವ್ವಾ, ದಿಟವಾ?” ಎಂದನು. ದಿಟವೆಂದೆ. ಬೆಲ್ಲ ಹಂಚಬೇಡವೆಂದೆ. ತಲೆಯಾಡಿಸಿ ನನ್ನ ಕಾಲ ಬಳಿ ಕೂತು ಅತ್ತನು. ಈ ಸಲದ ಅಳು ಬೇರೆ.

ಓದಿದ್ದು ನಾನು ಹೇಳಿದಂತೆಯೇ ಇದೆ, ಒಂದು ಮಾತೂ ಕಟ್ಟಿದ್ದಲ್ಲ. ದೂರು ವಾಪಸು ಪಡೆಯಲು ಮಂಚಯ್ಯನ ರುಜು ಬೇಕಾಗಿತ್ತು. ಅವನು ಹಣ್ಣಿನ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೆಂಡತಿಯ ಬಳಿಗೆ ಹೊರಟುಹೋಗಿರುವುದರಿಂದ ರುಜು ಸಿಕ್ಕಿರುವುದಿಲ್ಲ. ಹುಡುಕಿಕೊಡಿ ಎಂದು ಬೆಳಿಗ್ಗೆ ಗೋಗರೆದವನು ತಾಯಿಯನ್ನು ಠಾಣೆಯ ಬೆಂಚಿನ ಮೇಲೆಯೇ ಮರೆತು ಹೋಗಿದ್ದಾನೆ. ಮನೆ ಇಲ್ಲಿಗೆ ಒಂದೂವರೆ ಮೈಲಿ, ನಡೆದು ಹೋಗುತ್ತೇನೆ. ಈ ಬಗ್ಗೆ ನನ್ನ ದೂರು ಏನೂ ಇರುವುದಿಲ್ಲ.

ಸ್ಥಳ: ಶಾಂತಿಗ್ರಾಮ
ತಾರೀಖು: 23-5-1962
ಹೊನ್ನಕ್ಕನ ಎಡಗೈ ಹೆಬ್ಬೆಟ್ಟಿನ ಗುರುತು