ಡೈರೆಕ್ಟರರಿಗೆಂದು ತೆರೆದಿಟ್ಟ ರೌಟರ್

ಬಿಷ್ಕೆಕ್‌ನ ಬಸ್ ನಿಲ್ದಾಣದಲ್ಲಿ ಬಿಸಿ ರೊಟ್ಟಿ ಹಿಡಿದು ನಿಂತಿದ್ದ ಬುರುಲ್ಕಾನಳ ಬೆನ್ನ ಹಿಂದೆಯೇ ಒಂದೇ ಆಫೀಸಿನ ಇಬ್ಬರು ಕಿತ್ತಾಡುತ್ತಿದ್ದರು.

"ರೌಟರ್‌ಗೆ ಹೊರಗಿಂದ ಯಾರೂ ಲಾಗಿನ್ ಆಗದ ಹಾಗೆ ಮುಚ್ಚಿದ್ದೆ. ಮತ್ತೆ ಯಾಕೋ ತೆಗೆದೆ, ಎರ್ಮೆಕ್?"

"ಡೈರೆಕ್ಟರ್ ಹೇಳಿದ್ರು, ಅಸಿಪಾ ಅಕ್ಕಾ. ಬೆಟ್ಟದ ಗುಡಾರದಲ್ಲಿ ಕೂತೇ ಆಫೀಸಿನ ಫೈಲ್ ನೋಡ್ಬೇಕಂತೆ."

"ಕುದುರೆ ಹಾಲು ಕುಡಿಯೋಕೆ ಹೋದೋರಿಗೆ ರೌಟರ್ ಯಾಕೆ? ಆಗಲ್ಲ ಅನ್ನೋದಲ್ವಾ?"

"ದೊಡ್ಡೋರಿಗೆ ಹೆಂಗಕ್ಕಾ ಆಗಲ್ಲ ಅನ್ನೋದು?"

"ನಾನಿಟ್ಟ ಪಾಸ್‌ವರ್ಡಾದ್ರೂ ಇದೆಯಾ?"

"ಅವರಿಗೆ ನೆನಪಿರಲ್ಲ ಅಂತ ಫ್ಯಾಕ್ಟರಿಯಿಂದ ರೌಟರ್ ಜೊತೆ ಬಂದಿದ್ದನ್ನೇ ಹಾಕಿಸಿದ್ರು."

"ಲೋಕಕ್ಕೆಲ್ಲ ಗೊತ್ತಿರೋದನ್ನ."

ಅಷ್ಟರಲ್ಲಿ ಎರ್ಮೆಕನ ಫೋನ್ ಹೊಡೆದುಕೊಂಡಿತು. ಅವನು ನೆಟ್ಟಗೆ ನಿಂತು ಕೇಳಿಸಿಕೊಂಡ.

"ಏನಂತೆ?"

"ಪಾಸ್‌ವರ್ಡ್ ತಪ್ಪು ಅಂತಿದೆಯಂತೆ. ಡೈರೆಕ್ಟರನ್ನೇ ಒಳಗೆ ಬಿಡ್ತಿಲ್ವಂತೆ. ನೀವು ಬದಲಿಸಿದ್ರಾ ಅಕ್ಕಾ?"

"ನಾನು ಮುಟ್ಟೇ ಇಲ್ಲ."

"ನಾನೂ ಮುಟ್ಟಿಲ್ಲ. ಮತ್ತೆ ಒಳಗೆ ಹೋಗಿ ಬದಲಿಸಿದ್ದು ಯಾರು?"

ಬಸ್ಸು ಬಂದು ನಿಂತಿತು. ಅವರಿಬ್ಬರೂ ಅದನ್ನು ಬಿಟ್ಟು, ಬೇಗ ಆಫೀಸು ಸೇರಲು ಟ್ಯಾಕ್ಸಿಯತ್ತ ಓಡಿದರು.