ಇಲ್ಲದ ಕಲೆ

“ಬೆಳಕೆಂದೂ ಸುಳ್ಳಾಡದು...” ಹೀಗೊಂದು ಸಾಲು. ಎಲ್ಲಿ ಓದಿದೆನೋ, ಮುಂದೇನಿತ್ತೋ ನೆನಪಿಲ್ಲ. ಆದರೆ ಇದು ನಿಜವೇ? ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ರಾಣೆಬೆನ್ನೂರಿನ ಸಭಿಕರೇ, ಸನ್ಮಾನಕ್ಕೆ ಮೊದಲು ನಾನೇ ಮಾತಾಡುತ್ತೇನೆಂದು ಹಟ ಹಿಡಿದದ್ದು ಇದನ್ನು ಕೇಳಲಿಕ್ಕೆ. ಶಾಲು ತಟ್ಟೆಯಲ್ಲೇ ಇರಲಿ.

ಸ್ವಾಗತ ಕೋರಿದವರು ನನ್ನನ್ನು ನಕ್ಷತ್ರದ ಮೇಲೆ ಕಪ್ಪು ಕಲೆ ಕಂಡುಹಿಡಿದ ಹೆಣ್ಣುಮಗಳು ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಆ ಕಲೆ ಇಲ್ಲ.

ನನ್ನ ಪಿಎಚ್.ಡಿ. ಪ್ರಬಂಧ ಒಂದು ನಕ್ಷತ್ರ ಜೋಡಿಯ ಕುರಿತಾದದ್ದು. ಎರಡೂ ಒಂದಕ್ಕೊಂದು ತಾಗಿಕೊಂಡು, ಒಂದೇ ಹೊದಿಕೆ ಹೊದ್ದು, ಸುಮಾರು ಎಂಟೂವರೆ ಗಂಟೆಗೊಂದು ಸುತ್ತು ಹಾಕುತ್ತವೆ. ನಮಗೆ ಕಾಣುವುದು ಒಂದೇ ಚುಕ್ಕಿ. ಒಂದು ಇನ್ನೊಂದನ್ನು ಮರೆಮಾಡಿದಾಗ ಬೆಳಕು ಇಳಿಯುತ್ತದೆ, ಮತ್ತೆ ಏರುತ್ತದೆ. ಆ ಏರಿಳಿತವನ್ನು ಗೆರೆಯಾಗಿ ಬರೆದು, ಯಾವುದು ಎಷ್ಟು ದೊಡ್ಡದು, ಎಷ್ಟು ಬಿಸಿ ಎಂದು ಊಹಿಸಿ, ಲೆಕ್ಕದ ಗೆರೆ ಕಂಡ ಗೆರೆಯ ಮೇಲೆ ಕೂರುವ ತನಕ ತಿದ್ದುವುದೇ ನಮ್ಮ ಕೆಲಸ. ನನ್ನದು ಒಂದು ಕಡೆ ಕೂರಲಿಲ್ಲ. ಅಲ್ಲಿ ಬೆಳಕು ಕಡಿಮೆ ಬಿತ್ತು. ಏನು ಮಾಡಿದೆ? ಲೆಕ್ಕದಲ್ಲಿ ನಕ್ಷತ್ರಕ್ಕೊಂದು ಕಪ್ಪು ಕಲೆ ಹಚ್ಚಿದೆ, ಸೂರ್ಯನ ಮೇಲಿರುವಂಥದ್ದು. ಗೆರೆ ಕೂತಿತು, ಪದವಿಯೂ ಬಂತು.

ಹೋದ ವಾರ ಈ ಸಭೆಗೆಂದು ನಕ್ಷೆ ಬರೆಯಲು ಹಿಂದೆ ಹಲಗೇರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ದೂರದರ್ಶಕದೆದುರು ಕೂತು ತುಂಬಿದ ಹಳೆಯ ವಹಿ ತೆಗೆದೆ. ಆಗ ಮೂರು ರಾತ್ರಿ ಚಳಿಗೆ ನನ್ನ ಬೆರಳು ಮರಗಟ್ಟಿ ಬರೆಯಲಾಗಿರಲಿಲ್ಲ. ನಾನು ಅಂಕಿ ಹೇಳಿದೆ, ನಮ್ಮ ಯಜಮಾನರು ಮೈಲಪ್ಪನವರು ಬರೆದರು. ಅವರು ಪಂಚಾಂಗದ ಮನುಷ್ಯ; ಸೂರ್ಯ ಹುಟ್ಟದೆ ದಿನ ಬದಲಾಗದು. ನಡುರಾತ್ರಿ ದಾಟಿದ ಮೇಲೂ ಹಿಂದಿನ ದಿನದ ತಾರೀಖನ್ನೇ ಹಾಕಿದ್ದಾರೆ. ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಪಂಚಾಂಗ ಗೊತ್ತೇ? ಆ ಅಂಕಿಗಳೆಲ್ಲ ಒಂದು ದಿನ ಹಿಂದಕ್ಕೆ ಸರಿದು, ಗೆರೆಯಲ್ಲಿ ತಮ್ಮದಲ್ಲದ ಜಾಗಕ್ಕೆ ಹೋಗಿ ಬಿದ್ದವು. ಸರಿಪಡಿಸಿದೆ. ಕಲೆ ಮಾಯವಾಯಿತು.

ನಾನು ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಬೆಳೆದವಳು, ಸುಲಭಕ್ಕೆ ಕಣ್ಣೀರು ಬರುವುದಿಲ್ಲ. ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಯಜಮಾನರಿಗೆ ಏನೇನೋ ಅಂದೆ. ಅವರು ಒಮ್ಮೆ ಮಾತ್ರ, “ನನಗ ಹಂಗ ಬರಿಬ್ಯಾಡ ಅಂತ ನೀ ಹೇಳಿದ್ದಿಲ್ಲಲಾ,” ಎಂದರು. ಆಮೇಲೆ ಮಾತು ಬಿಟ್ಟರು. ಇಂದಿಗೆ ಆರು ದಿನ. ಅಗೋ, ಮೂರನೇ ಸಾಲಿನಲ್ಲಿ ಕೂತಿದ್ದಾರೆ.

ಬರೆದವರು ಅವರು, ನಿಜ. ಮೂರು ವರ್ಷ ಆ ವಹಿಯನ್ನು ಮತ್ತೆ ತೆರೆದು ನೋಡದವರು ಯಾರು? ಬರಿಗಣ್ಣಿಗೆ ಕಾಣದ ನಕ್ಷತ್ರಕ್ಕೆ ಕಲೆ ಹಚ್ಚುವುದು ಸುಲಭ ಎಂದುಕೊಂಡವರು ಯಾರು? ನಾನು. ನಿನ್ನೆ ವಿಶ್ವವಿದ್ಯಾಲಯಕ್ಕೆ ಎಲ್ಲವನ್ನೂ ಬರೆದು ರಿಜಿಸ್ಟರ್ಡ್ ಅಂಚೆಗೆ ಹಾಕಿದ್ದೇನೆ. ಪದವಿ ಉಳಿಯುವುದೋ ಇಲ್ಲವೋ ತಿಳಿಯದು. ಆದರೆ ಆ ಕಾಗದದಲ್ಲಿ ತಪ್ಪು “ಸಹಾಯಕರದು” ಎಂದು ಬರೆದಿದ್ದೆ. ನಾಳೆ ಇನ್ನೊಂದು ಕಾಗದ ಹೋಗುತ್ತದೆ.

ಕರೆದವರಿಗೂ ಕೂತು ಕೇಳಿದವರಿಗೂ ಋಣಿ. ಎಲ್ಲರಿಗೂ ನಮಸ್ಕಾರ. ಎರಡನೇ ಕಾಗದ ಯಾಕೆ ಎಂದು ಕೇಳಿದರೆ, ಇವತ್ತು ಹೊರಡುವಾಗ ಪಕ್ಕದ ಮನೆಯ ಹಾಜಿರಾಬಿ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದು ಇಷ್ಟೇ: “ಅಕ್ಕಾರ, ಅಣ್ಣಾರಿಗೆ ಬೈದಿದ್ದು ನಮ್ಮ ಮನಿ ತನಕಾ ಕೇಳಿಸ್ತು. ತಪ್ಪು ನಂದು ಅನ್ನೂದನ್ನೂ ಅಷ್ಟ ಜೋರಲೆ ಹೇಳಿ ಬರ್ರಿ.”